ಕಾಂಫ್ರೆ ಕೊಯ್ದ ಮಳೆಗಾಲ

ಹೋದ ತಿಂಗಳು ಜಯನಗರದ ಒಂದು ಅಡ್ಡರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಯಾರದೋ ಮನೆಯ ತಾರಸಿಯಿಂದ ಆ ವಾಸನೆ ಇಳಿದು ಬಂತು. ಮನೆಯ ಮೂಲೆಯಲ್ಲಿ ಇಲಿ ಸತ್ತು ಯಾರಿಗೂ ಗೊತ್ತಾಗದೆ ಉಳಿದಾಗ ಬರುವಂಥ ವಾಸನೆ. ನನ್ನ ಮುಂದೆ ಹೋಗುತ್ತಿದ್ದ ಗಂಡ ಹೆಂಡತಿ ಮೂಗಿಗೆ ಕರವಸ್ತ್ರ ಹಿಡಿದು, ಕಾರ್ಪೊರೇಷನ್ನಿನವರನ್ನು ಬೈದುಕೊಳ್ಳುತ್ತ ಹೆಜ್ಜೆ ಚುರುಕು ಮಾಡಿದರು. ಅದು ಚರಂಡಿಯಲ್ಲ, ಕಾಂಫ್ರೆ ಸೊಪ್ಪನ್ನು ಡ್ರಮ್ಮಿನಲ್ಲಿ ನೀರು ಹಾಕಿ ಕೊಳೆಸಿದ ಗೊಬ್ಬರ, ಮೇಲೆ ಯಾರೋ ಈಗಷ್ಟೇ ಮುಚ್ಚಳ ತೆಗೆದಿದ್ದಾರೆ ಎಂದು ನಾನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೇಳದವರಿಗೆ ತಿಳಿಸಿ ಹೇಳುವ ಚಪಲ ನನಗೆ ಮೂರು ವರ್ಷದ ಹಿಂದೆ ಸಾರಕ್ಕಿಯಲ್ಲಿ ಬಿಟ್ಟುಹೋಯಿತು.

ಹಾಗೆ ನೋಡಿದರೆ ನನ್ನ ಹೊಟ್ಟೆಪಾಡೇ ಹೇಳುವುದು. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಇದು ಊಟ ಆದ ಮೇಲೆ, ಇದು ಖಾಲಿ ಹೊಟ್ಟೆಗೆ, ಇದು ಹಚ್ಚುವುದಕ್ಕೆ, ಕುಡಿಯುವುದಕ್ಕಲ್ಲ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಗಂಟಲು ಹರಿದುಕೊಳ್ಳುತ್ತೇನೆ. ಜನ ಫೋನು ನೋಡುತ್ತಲೇ ಹೂಂ ಅನ್ನುತ್ತಾರೆ. ಆ ಹೂಂಗೆ ಕೇಳಿಸಿತು ಎಂದು ಅರ್ಥವಲ್ಲ, ಬೇಗ ಮುಗಿಸು ತಾಯಿ ಎಂದು ಅರ್ಥ. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತ ನನಗೆ ನಿಜವಾದ ಹೂಂ ಯಾವುದು, ಸುಳ್ಳು ಹೂಂ ಯಾವುದು ಎಂದು ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಆಗ ನಾನು ಸಾರಕ್ಕಿಯಲ್ಲಿ ಮುನಿಯಮ್ಮನವರ ಮನೆಯ ನೆಲಮಹಡಿಯಲ್ಲಿ ಬಾಡಿಗೆಗಿದ್ದೆ. ನಮ್ಮ ಕಡೆಯವರು ತಿಪಟೂರಿನವರು. ನಾನು ಮದುವೆಯಾಗಲಿಲ್ಲ, ಒಬ್ಬಳೇ. ಒಂಟಿ ಹೆಂಗಸಿಗೆ ಮನೆ ಕೊಡಲು ಜೆ.ಪಿ. ನಗರದಲ್ಲಿ ಎಷ್ಟೋ ಜನ ಮುಖ ಸಿಂಡರಿಸಿದ್ದರು. ಮುನಿಯಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದರು, ನೀವು ಯಾವ ಜನ ಎಂದು. ಲಿಂಗಾಯತರು ಎಂದೆ. "ಹಂಗಾದ್ರೆ ಸರಿ ಬುಡಿ, ಮನೆ ಚೊಕ್ಕಟವಾಗಿ ಮಡೀಕಂತೀರ" ಎಂದು ಬೀಗದಕೈ ಕೊಟ್ಟರು. ತಾವು ಮಾಂಸ ತಿನ್ನುವವರಾದರೂ ಬಾಡಿಗೆಯವರು ತಿನ್ನಬಾರದು ಎಂಬುದು ಅಲ್ಲಿನ ಮನೆ ಮಾಲೀಕರ ಲೆಕ್ಕ. ನನಗೆ ಅನುಕೂಲವಾಯಿತು, ನಾನೇಕೆ ಜಗಳ ಮಾಡಲಿ.

ಮುನಿಯಮ್ಮನವರದು ಸಾರಕ್ಕಿಯ ಹಳೇ ಕುಟುಂಬ. ಮದುವೆಯಾಗಿ ಬಂದಾಗ ಕೆರೆಯ ಪಕ್ಕ ಅವರಿಗೆ ಸೊಪ್ಪಿನ ತೋಟವಿತ್ತಂತೆ. ನಸುಕಿಗೆ ಎದ್ದು ಕೊಯ್ದು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಮಾರ್ಕೆಟ್ಟಿಗೆ ಒಯ್ಯುತ್ತಿದ್ದರಂತೆ. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಬಿಲ್ಡಿಂಗುಗಳು ನಿಂತಿವೆ. ಮಗ ನಾಗರಾಜನಿಗೆ ನೀರಿನ ಟ್ಯಾಂಕರುಗಳ ವ್ಯವಹಾರ. ಅವನೂ ಹೆಂಡತಿ ರೂಪಾಳೂ ತಾಯಿಯ ಜೊತೆ ಮೇಲಿನ ಮನೆಯಲ್ಲಿದ್ದರು. ಮನೆಯ ಸುತ್ತ ಎಲ್ಲ ಸಿಮೆಂಟು. ಹಿಂದುಗಡೆ ಸಂಪಿನ ಪಕ್ಕದಲ್ಲಿ ಮಾತ್ರ ಒಂದು ಪಟ್ಟಿ ಮಣ್ಣು ಉಳಿದಿತ್ತು. ಏನಾದರೂ ಹಾಕಿಕೊಳ್ಳಲೇ ಎಂದು ಕೇಳಿದೆ. ಹಾಕಿಕೊಳ್ಳಿ ಎಂದರು ಮುನಿಯಮ್ಮ. ಮಗ ಅಲ್ಲಿ ಬೈಕ್ ನಿಲ್ಲಿಸಲು ಕಲ್ಲು ಹಾಸಬೇಕೆಂದಿದ್ದನಂತೆ, ಅವರು ಬೇಡವೆಂದು ತಡೆದಿದ್ದರು.

ಆ ಮಣ್ಣಿನಲ್ಲಿ ಜಲ್ಲಿ, ಇಟ್ಟಿಗೆ ಚೂರು, ಹಳೇ ವೈರು ಬಿಟ್ಟರೆ ಏನೂ ಇರಲಿಲ್ಲ. ಹಾಕಿದ ಟೊಮೆಟೊ ಸೊರಗಿತು, ಬದನೆ ಹಳದಿಯಾಯಿತು. ಆಗ ಒಂದು ಭಾನುವಾರ ಜಯನಗರದ ಪಾರ್ಕಿನಲ್ಲಿ ಕೈತೋಟದವರೆಲ್ಲ ಸೇರಿ ಬೀಜ, ಸಸಿ ಅದಲುಬದಲು ಮಾಡಿಕೊಳ್ಳುವ ಕಡೆ ಹೋದೆ. ಅಲ್ಲೊಬ್ಬರು ಕಿರುಬೆರಳಿನಷ್ಟು ಬೇರಿನ ತುಂಡುಗಳನ್ನು ಕೊಟ್ಟರು. ಕಾಂಫ್ರೆ ಎಂದರು. ಎಂಥ ಬರಡು ಮಣ್ಣಾದರೂ ಬೇರು ಆಳಕ್ಕೆ ಇಳಿದು ಸಾರ ಎಳೆದು ಎಲೆಗೆ ತುಂಬಿಕೊಳ್ಳುತ್ತದೆ, ಹೂ ಬಿಡುವ ಮೊದಲು ಬುಡಕ್ಕೆ ಕೊಯ್ಯುತ್ತಿರಿ, ಮತ್ತೆ ಮತ್ತೆ ಚಿಗುರುತ್ತದೆ, ಎಲೆ ಕೊಳೆಸಿ ಬೇರೆ ಗಿಡಗಳಿಗೆ ಹಾಕಿ ಎಂದರು. ಕೊನೆಗೆ, ಹೊಟ್ಟೆಗೆ ಮಾತ್ರ ತಗೋಬೇಡಿ, ಲಿವರಿಗೆ ಕೆಟ್ಟದ್ದು ಎಂದೂ ಎಚ್ಚರಿಸಿದರು. ನಾನು ಮನೆಗೆ ಬಂದು ಓದಿ ನೋಡಿದೆ, ನಿಜವೇ. ನನ್ನದು ಕೇಳಿಸಿಕೊಳ್ಳುವ ಹೂಂ.

ಜೂನ್ ಮಳೆ ಹಿಡಿಯುತ್ತಲೇ ಕಾಂಫ್ರೆ ಎದ್ದಿತು. ಎದ್ದದ್ದು ಎಂದರೆ ಅಂತಿಂಥ ಏಳುವುದಲ್ಲ. ಒಂದು ಮೊಳ ಉದ್ದದ ಎಲೆ, ಮೈತುಂಬ ಒರಟು ರೋಮ, ಒಂದರ ಮೇಲೊಂದು ಬಿದ್ದು ಆ ಪಟ್ಟಿಯನ್ನೇ ಮುಚ್ಚಿತು. ಮೇಲಿನ ಬಾಲ್ಕನಿಯಿಂದ ನೋಡುತ್ತಿದ್ದ ಮುನಿಯಮ್ಮ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು. ಎಲೆ ಚಿವುಟಿ ಮೂಸಿ, "ಸೌತೆಕಾಯಿ ವಾಸ್ನೆ ಬತ್ತದಲ್ಲ, ಏನ್ ಸೊಪ್ಪಿದು?" ಎಂದರು. ಹೇಳಿದೆ. ತಿನ್ನುವ ಸೊಪ್ಪಲ್ಲ ಎಂಬುದನ್ನೇ ಮೊದಲು ಹೇಳಿದೆ.

ಮೊದಲ ಕೊಯ್ಲಿನ ದಿನ ನಾನು ಕೈಗವಸು ಹಾಕಿಕೊಂಡು ಅಡುಗೆಮನೆಯ ಕತ್ತರಿಯಲ್ಲಿ ಒಂದೊಂದೇ ಎಲೆ ಕತ್ತರಿಸುತ್ತಿದ್ದೆ. ಅವರು ನೋಡಿ ನೋಡಿ ಸಾಕಾಗಿ ಮೇಲೆ ಹೋಗಿ ಒಂದು ಕುಡುಗೋಲು ತಂದರು. ಅಟ್ಟದಲ್ಲಿ ಎಲ್ಲೋ ಬಿದ್ದಿದ್ದದ್ದು, ಹಿಡಿ ಮಾತ್ರ ನುಣ್ಣಗಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಒಂದು ಹಿಡಿ ಎಲೆಯನ್ನು ಒಟ್ಟುಗೂಡಿಸಿ ಸ್ವಲ್ಪ ತಿರುಚಿ, ಬುಡದಲ್ಲಿ ಎರಡು ಬೆರಳಷ್ಟು ಬಿಟ್ಟು ಸರ್ರನೆ ಎಳೆದರು. ಬರಿಗೈ, ಆ ರೋಮ ಅವರಿಗೆ ಚುಚ್ಚಲೇ ಇಲ್ಲ. ಕೊಯ್ದದ್ದನ್ನು ಸುಮ್ಮನೆ ಹಾಕದೆ ಬುಡ ಸಮ ಮಾಡಿ, ಬಾಳೆನಾರಿನಿಂದ ಕಟ್ಟು ಕಟ್ಟಿ ಸಾಲಾಗಿ ಜೋಡಿಸಿದರು. ಕೊಳೆಸುವ ಸೊಪ್ಪಿಗೆ ಕಟ್ಟು ಯಾಕೆ ಎಂದು ನಕ್ಕೆ. ಕಟ್ಟದೆ ಸೊಪ್ಪು ಎತ್ತಲು ಕೈ ಬರುವುದಿಲ್ಲ ಎಂದರು. ಆವತ್ತು ಅವರ ಮುಖದಲ್ಲಿ ಎಂಥ ಗೆಲುವಿತ್ತು ಎಂದರೆ, ಮಹಡಿಯಲ್ಲಿ ಟಿ.ವಿ. ಮುಂದೆ ಕೂತು ಮೊಣಕಾಲು ನೀವಿಕೊಳ್ಳುವ ಹೆಂಗಸು ಇವರೇನಾ ಅನಿಸಿತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ.

ಆದರೆ ಆ ಕಟ್ಟುಗಳನ್ನು ಡ್ರಮ್ಮಿಗೆ ಹಾಕುವಾಗ ಅವರಿಗೆ ತಡೆಯಲಾಗಲಿಲ್ಲ. ಇಷ್ಟು ಹಸಿರನ್ನು ಕೈಯಾರೆ ಕೊಳೆಸುವುದೆಂದರೆ ಪಾಪವಲ್ಲವೇ ಎಂದರು. ದನ ತಿನ್ನುತ್ತದೆಯೇ ಎಂದು ಕೇಳಿದರು. ಹಿಂದೆ ಕೆಲವು ಕಡೆ ತಿನ್ನಿಸುತ್ತಿದ್ದರಂತೆ ಎಂದೆ. ದನ ತಿನ್ನುವುದನ್ನು ನಾವು ತಿಂದರೆ ಏನಾಗುತ್ತದೆ ಎಂದರು. ನಾನು ಕೌಂಟರಿನ ದನಿಯಲ್ಲೇ ಹೇಳಿದೆ: "ಮುನಿಯಮ್ಮನೋರೇ, ಸರಿಯಾಗಿ ಕೇಳಿಸ್ಕೊಳ್ಳಿ. ಇದನ್ನ ತಿನ್ಬಾರದು. ಬೇಯಿಸಿದ್ರೂ ಅಷ್ಟೆ, ಸ್ವಲ್ಪ ಹಾಕಿದ್ರೂ ಅಷ್ಟೆ. ಲಿವರ್ ಹಾಳಾಗುತ್ತೆ."

"ಆಯ್ತು ಬುಡಿ ವಿಜಯಮ್ಮ" ಎಂದರು.

ಅದು ನಿಜವಾದ ಹೂಂ ಎಂದೇ ನಾನು ನಂಬಿದೆ. ಆ ದಿನಗಳಲ್ಲೇ ಇನ್ನೊಂದು ಮಾತು ಬಂದಿತ್ತು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಕಾಶಿ ಸೊಪ್ಪು ಎಲ್ಲವನ್ನೂ ಒಂದೊಂದು ಹಿಡಿ ಕಿತ್ತು, ಬೆರಸಿ, ತೊಗರಿಬೇಳೆ ಜೊತೆ ಬೇಯಿಸಿ ಮಸೆದು ಮುದ್ದೆಗೆ ಹಾಕಿಕೊಳ್ಳುವುದು ನಮ್ಮ ಕಡೆಯೂ ಉಂಟು. ಬೆರಕೆ ಸೊಪ್ಪು ಅನ್ನುತ್ತೇವೆ. ಸಾರಕ್ಕಿಯಲ್ಲಿ ಈಗ ಬದುವೆಲ್ಲಿ ಬರಬೇಕು? ಖಾಲಿ ಸೈಟುಗಳಲ್ಲಿ ಅಷ್ಟಿಷ್ಟು ಸಿಕ್ಕರೆ ಸಿಕ್ಕಿತು. ಮುನಿಯಮ್ಮ ಅದನ್ನು ನೆನೆಸಿಕೊಂಡು ಬಾಯಿ ಚಪ್ಪರಿಸುತ್ತ, ಬೆರಕೆಯಲ್ಲಿ ಯಾವ ಸೊಪ್ಪಾದರೂ ನಡೆಯುತ್ತದೆ, ಒಂದರ ದೋಷವನ್ನು ಇನ್ನೊಂದು ತೆಗೆದುಹಾಕುತ್ತದೆ, ಉಷ್ಣದ್ದಕ್ಕೆ ತಂಪಿನದು ಜೊತೆಯಾದರೆ ಎರಡೂ ಸರಿಹೋಗುತ್ತವೆ ಎಂದು ವಿವರಿಸಿದ್ದರು. ಹಳೇ ಕಾಲದ ಅಡುಗೆಯ ಮಾತೆಂದು ಕೇಳಿಸಿಕೊಂಡೆ. ಕೇಳಿ ಸಂತೋಷವನ್ನೂ ಪಟ್ಟೆ.

ಆಷಾಢದ ಗಾಳಿ ಮುಗಿದು ಶ್ರಾವಣ ಬಂತು. ಆ ವರ್ಷ ಬೆಂಗಳೂರಿನ ಮಳೆ ಬೆಳಗ್ಗೆ ಜಿನುಗಿ, ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಸರಿಯಾಗಿ ಸುರಿಯುವ ಅಭ್ಯಾಸ ಮಾಡಿಕೊಂಡಿತ್ತು. ಕಾಂಫ್ರೆ ಕೊಯ್ದಷ್ಟೂ ಚಿಗುರುತ್ತಿತ್ತು. ಡ್ರಮ್ಮಿನ ಕಪ್ಪು ನೀರನ್ನು ತೆಳ್ಳಗೆ ಮಾಡಿ ಹಾಕಿದ ಮೇಲೆ ಟೊಮೆಟೊ ಗಿಡಕ್ಕೆ ಕಡ್ಡಿ ನೆಟ್ಟು ನೆಟ್ಟು ಸಾಕಾಯಿತು. ವಾಸನೆಗೆ ಪಕ್ಕದ ಮನೆಯವರು ಗೊಣಗಿದರೆ ನಾಗರಾಜನೇ ಹೋಗಿ ಸಮಾಧಾನ ಮಾಡಿ ಬರುತ್ತಿದ್ದ. ಟ್ಯಾಂಕರಿನಲ್ಲಿ ಉಳಿದ ನೀರನ್ನು ನನ್ನ ಗಿಡಗಳಿಗೆ ಬಿಡುತ್ತಿದ್ದ. ಅವನು ಕೆಟ್ಟವನಲ್ಲ. ರೂಪಾಗೆ ಆಗ ಐದು ತಿಂಗಳು. ರಕ್ತ ಕಡಿಮೆಯಿದೆ, ಸೊಪ್ಪು ಚೆನ್ನಾಗಿ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಬೇಕಾದ ಕಬ್ಬಿಣದ ಮಾತ್ರೆಯನ್ನು ನಾನೇ ಅಂಗಡಿಯಿಂದ ತಂದುಕೊಡುತ್ತಿದ್ದೆ.

ನಾನು ಕೆಲಸಕ್ಕೆ ಹೋದ ದಿನಗಳಲ್ಲಿ ಕೊಯ್ಯುವ ಕೆಲಸವನ್ನು ಮುನಿಯಮ್ಮ ವಹಿಸಿಕೊಂಡಿದ್ದರು. ವಾರಕ್ಕೊಮ್ಮೆಯೋ ಎರಡು ಸಲವೋ ಸಂಜೆ ನಾನು ಬಂದು ಕಾಲು ತೊಳೆಯುವಷ್ಟರಲ್ಲಿ ಸ್ಟೀಲ್ ಡಬ್ಬಿಯಲ್ಲಿ ಬಿಸಿಬಿಸಿ ಮಸ್ಸೊಪ್ಪು ಕೆಳಗೆ ಬರುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಘಮಘಮ. ಒಂಟಿ ಹೆಂಗಸಿಗೆ ಯಾರಾದರೂ ಬೇಯಿಸಿ ಕೊಟ್ಟರೆ ಅದರ ರುಚಿಯೇ ಬೇರೆ. ಎರಡು ಮುದ್ದೆ ಹೆಚ್ಚಿಗೆ ಇಳಿಯುತ್ತಿತ್ತು. ಎಲ್ಲಿ ಸಿಕ್ಕಿತು ಇಷ್ಟೊಂದು ಬೆರಕೆ ಸೊಪ್ಪು ಎಂದು ಒಂದು ಸಲ ಕೇಳಿದ್ದಕ್ಕೆ, ಕೆರೆ ಕಡೆ ಹೋಗಿದ್ದೆ ಎಂದರು. ಡಬ್ಬಿ ತೊಳೆದು, ಬರಿದೇ ಕೊಡಬಾರದೆಂದು ನಾಲ್ಕು ಟೊಮೆಟೊ ಹಾಕಿ ಹಿಂದಿರುಗಿಸುತ್ತಿದ್ದೆ.

ಗೌರಿಹಬ್ಬದ ಆಸುಪಾಸಿನಲ್ಲಿ ಮುನಿಯಮ್ಮನವರಿಗೆ ಊಟ ಸೇರದಾಯಿತು. ಹೊಟ್ಟೆ ಉಬ್ಬರ ಎಂದರು. ಆಮೇಲೆ ಕಣ್ಣು ಹಳದಿಯಾಯಿತು. ಯಾರೋ ಕಾಮಾಲೆಗೆ ನಾಟಿ ಔಷಧ ಕೊಡಿಸಿದರು, ಬೇಡವೆಂದು ಹೇಳಲು ಮೇಲೆ ಹೋದರೆ ಆಗಲೇ ಕುಡಿದಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿ ಉಸಿರಿಗೆ ಕಷ್ಟವಾದ ಮೇಲೆ ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು, ಏನೇನು ತಿಂದಿದ್ದೀರಿ, ಬೇರು ಸೊಪ್ಪು ಕಷಾಯ ಏನಾದರೂ ಉಂಟಾ ಎಂದು ಕೆದಕಿ ಕೆದಕಿ ಕೇಳಿದಾಗ ರೂಪಾ ಹೇಳಿದಳು: ಅತ್ತೆ ಹಿತ್ತಲಿನ ಆ ದೊಡ್ಡ ಸೊಪ್ಪನ್ನು ಬೆರಕೆಗೆ ಹಾಕುತ್ತಿದ್ದರು, ಎರಡು ತಿಂಗಳಿಂದ ಎಲ್ಲರೂ ತಿಂದಿದ್ದೇವೆ, ಅತ್ತೆ ಅದನ್ನು ಬೇಯಿಸಿ ಬಸಿದ ಕಟ್ಟನ್ನೂ ಲೋಟಗಟ್ಟಲೆ ಕುಡಿಯುತ್ತಿದ್ದರು ಎಂದು.

ಆ ಸುದ್ದಿ ನನಗೆ ಗೊತ್ತಾದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಕೆಲಸ ಮುಗಿಸಿ ಎಳನೀರು ಹಿಡಿದುಕೊಂಡು ನೋಡಲು ಹೋಗಿದ್ದೆ. ಮಂಚದ ಪಕ್ಕದಲ್ಲಿ ನಾಗರಾಜ ನಿಂತಿದ್ದ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನನ್ನ ಕಾಂಫ್ರೆಯ ಎಲೆ. ಎಲೆ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ನನ್ನ ಹೊಟ್ಟೆಯೊಳಗೂ ಅದೇ ಮಸ್ಸೊಪ್ಪು ಹೋಗಿದೆ ಎಂಬುದೂ ಹೊಳೆಯಿತು.

"ಏನ್ ಮೇಡಂ ಇದು? ಮೆಡಿಕಲ್ ಶಾಪಲ್ಲಿರೋರು ನೀವು, ವಿಷ ಅಂತ ಗೊತ್ತಿದ್ದೂ ನಮ್ಮನೇಲಿ ಬೆಳೆಸಿದ್ರಾ?" ಎಂದ ನಾಗರಾಜ.

ತಿನ್ನಬೇಡಿ ಎಂದು ನಿಮ್ಮ ತಾಯಿಗೆ ಎಷ್ಟೋ ಸಲ ಹೇಳಿದ್ದೇನೆ ಎಂದೆ. ನಾನೂ ತಿಂದಿದ್ದೇನಲ್ಲ, ಡಬ್ಬಿ ಡಬ್ಬಿ ಕಳಿಸಿದ್ದಾರೆ, ಗೊತ್ತಿದ್ದರೆ ನಾನು ತಿನ್ನುತ್ತಿದ್ದೆನೇ ಎಂದೆ. ನೀವು ಔಷಧಿಯವರು, ಅದಕ್ಕೆ ಏನಾದರೂ ಮಾತ್ರೆ ನುಂಗಿರುತ್ತೀರಿ ಎಂದ. ಗೋಡೆಗೆ ಒರಗಿ ನಿಂತಿದ್ದ ರೂಪಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾಗರಾಜ ನ್ಯಾಯವಂತನೇ. ತಾಯಿಯ ಕಡೆ ತಿರುಗಿ ಎಲ್ಲರೆದುರೇ ಕೇಳಿದ, "ಅಮ್ಮಾ, ಇವ್ರು ನಿಂಗೆ ತಿನ್ಬೇಡ ಅಂತ ಹೇಳಿದ್ರಾ?"

ಮುನಿಯಮ್ಮನವರಿಗೆ ಪ್ರಜ್ಞೆ ಚೆನ್ನಾಗಿಯೇ ಇತ್ತು. ನನ್ನನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, "ನಂಗೇನಪ್ಪಾ ಗೊತ್ತು. ಸೊಪ್ಪು ಅಂದ್ರು, ಕುಯ್ದೆ" ಎಂದರು.

ಎಳನೀರನ್ನು ಅಲ್ಲೇ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮಳೆಯಲ್ಲೇ ಮನೆಯವರೆಗೂ ನಡೆದೆ. ಅತ್ತ ನೆನಪಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ನಾನೂ ರಕ್ತಪರೀಕ್ಷೆ ಮಾಡಿಸಿಕೊಂಡೆ. ನನಗೇನೂ ಆಗಿರಲಿಲ್ಲ. ರೂಪಾಗೂ ಏನೂ ಆಗಲಿಲ್ಲ, ಮುಂದೆ ಹೆಣ್ಣು ಮಗು ಆಯಿತೆಂದು ಕೇಳಿದೆ. ಮುನಿಯಮ್ಮ ಬಹಳ ದಿನ ಮಲಗಿ ಎದ್ದರು. ಸೊಪ್ಪಿನಿಂದಲೇ ಹೀಗಾಯಿತೋ, ಆ ನಾಟಿ ಔಷಧದ್ದೂ ಪಾಲಿತ್ತೋ ಎಂಬುದನ್ನು ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲವಂತೆ. ಆದರೆ ಬೀದಿಗೆ ಅಷ್ಟೆಲ್ಲ ವಿವರ ಯಾಕೆ ಬೇಕು? ಬಾಡಿಗೆಯವಳು ಹಿತ್ತಲಲ್ಲಿ ವಿಷ ಬೆಳೆದು ಬಸುರಿಗೆ ತಿನ್ನಿಸಿದಳು ಎಂಬಲ್ಲಿಗೆ ಸುದ್ದಿ ಬಂದು ನಿಂತಿತು. ತಲೆಯ ಮೇಲೆ ಗೂಬೆ ಕೂರಿಸಲು ಒಂಟಿ ಹೆಂಗಸಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮಕ್ಕಳಿಲ್ಲದವಳಿಗೆ ಬಸುರಿಯನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಪಕ್ಕದ ಮನೆಯಾಕೆ ಅಂದದ್ದು ನನ್ನ ಕಿವಿಗೇ ಬಿತ್ತು. ಈಕೆಗೂ ನಾನು ಹಿತ್ತಲಿನ ಟೊಮೆಟೊ ಹಂಚಿದ್ದೆ.

ಮಾತು ಅಂಗಡಿಯವರೆಗೂ ಬಂತು. ನಾಗರಾಜನ ಸಂಬಂಧಿಯೊಬ್ಬ ಗಿರಾಕಿಗಳ ಎದುರಿಗೇ, ಇವರ ಕೈಯಲ್ಲಿ ಮಾತ್ರೆ ತಗೊಳ್ಳುವ ಮೊದಲು ಎರಡು ಸಲ ಯೋಚನೆ ಮಾಡಿ ಎಂದು ಹೇಳಿ ಹೋದ. ನಮ್ಮ ಮಾಲೀಕರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಸ್ವಲ್ಪ ದಿನ ಕೌಂಟರಿಗೆ ಬರಬೇಡಿ, ಒಳಗೆ ಸ್ಟಾಕ್ ನೋಡಿಕೊಳ್ಳಿ ಎಂದರು. ಆ ಸ್ವಲ್ಪ ದಿನ ಒಂದು ವರ್ಷವಾಯಿತು. ಎಚ್ಚರಿಕೆ ಹೇಳುವುದೊಂದೇ ನನಗೆ ಬರುತ್ತಿದ್ದ ವಿದ್ಯೆ, ಅದರಲ್ಲೇ ನನ್ನ ಹೆಸರು ಕೆಟ್ಟಿತು.

ಮನೆ ಬಿಟ್ಟು ಶ್ರೀನಗರ ಬಡಾವಣೆಗೆ ಹೋದೆ. ಎರಡನೇ ಮಹಡಿ, ಒಂದು ಕುಂಡ ಇಡಲೂ ಜಾಗವಿಲ್ಲ, ಬೇಕಾಗಿಯೂ ಇಲ್ಲ. ಸಾಮಾನು ಸಾಗಿಸುವ ದಿನ ನಾಗರಾಜ ಇಬ್ಬರು ಕೂಲಿಯವರಿಂದ ಕಾಂಫ್ರೆ ಅಗೆಸುತ್ತಿದ್ದ. ಗುದ್ದಲಿ ತಾಗಿ ಬೇರು ಚೂರಾಗುತ್ತಿತ್ತು. ಚೂರು ಉಳಿದರೆ ಒಂದೊಂದು ಚೂರೂ ಗಿಡವಾಗುತ್ತದೆ, ಹಾಗಲ್ಲ ಅಗೆಯುವುದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅನುಭವಿಸಲಿ ಎಂದುಕೊಂಡೆ. ಆಮೇಲೆ ಎರಡು ಸಲ ಅಗೆಸಿ ಸೋತು ಕೊನೆಗೆ ಕಾಂಕ್ರೀಟ್ ಹಾಕಿಸಿದನಂತೆ.

ಇಷ್ಟು ದಿನ ಆ ಕಡೆ ಕಾಲಿಟ್ಟಿರಲಿಲ್ಲ. ಜಯನಗರದಲ್ಲಿ ಆ ವಾಸನೆ ಬಂದ ಮರುವಾರವೇ ಹಲ್ಲಿನ ಡಾಕ್ಟರ ಬಳಿ ಹೋಗಬೇಕಾಗಿ, ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಬಸ್ಸಿಳಿದೆ. ಮಳೆ ಹೊಯ್ಯುತ್ತಿತ್ತು. ಮುಚ್ಚಿದ ಅಂಗಡಿಯೊಂದರ ಮುಂದೆ, ಅರ್ಧ ನೆನೆದುಕೊಂಡು, ಕೈಚೀಲ ಎದೆಗವಚಿಕೊಂಡು ಮುನಿಯಮ್ಮ ನಿಂತಿದ್ದರು. ತೀರ ಇಳಿದುಹೋಗಿದ್ದರು. ನೋಡದವಳಂತೆ ದಾಟಿ ಹೋಗಬಹುದಿತ್ತು. ಮನಸ್ಸು ಕರಗಿತೆಂದು ಯಾರೂ ತಿಳಿಯಬೇಕಾಗಿಲ್ಲ. ವಯಸ್ಸಾದವರು ಕಣ್ಣೆದುರಿಗೆ ನೆನೆಯುತ್ತಿರುವಾಗ ಕೊಡೆ ಹಿಡಿದುಕೊಂಡು ದಾಟಿ ಹೋಗುವುದು ನನ್ನಿಂದಾಗಲಿಲ್ಲ, ಅಷ್ಟೆ. ಹೋಗಿ ಅವರ ತಲೆಯ ಮೇಲೆ ಕೊಡೆ ಹಿಡಿದೆ.

ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ನನ್ನ ಮೊಳಕೈ ಹಿಡಿದುಕೊಂಡರು. ಚೆನ್ನಾಗಿದ್ದೀರಾ ಎಂದು ಕೇಳಿದರು. ಮೊಮ್ಮಗಳು ಇಡೀ ದಿನ ತನ್ನ ಸೊಂಟ ಬಿಟ್ಟು ಇಳಿಯುವುದಿಲ್ಲ ಎಂದರು. ನಾನು ಹೂಂ ಅಂದೆ. ಆಮೇಲೆ ಅವರೇ ಆ ಮಾತು ಎತ್ತಿದರು.

"ನೀವು ಯೋಳಿದ್ರಿ. ಎಲ್ಡ್ ಮೂರ್ ಸಲಾನೂ ಯೋಳಿದ್ರಿ. ನಂಗೆ ಚೆನ್ನಾಗ್ ಗ್ಯಾನ ಐತೆ."

"ಅವತ್ತು ಯಾಕೆ ಹೇಳ್ಲಿಲ್ಲ?"

"ಯೋಳಿದ್ರೆ ರೂಪಾ ನನ್ ಕೈಗೆ ಮಗೀನ ಕೊಡ್ತಿದ್ಲಾ ವಿಜಯಮ್ಮ? ಗೊತ್ತಿದ್ದೂ ಬಸ್ರೀಗೆ ಇಕ್ಕಿದ್ಲು ಅನ್ನಾಕಿಲ್ವಾ? ನೀವಾದ್ರೆ ಮನೆ ಬುಟ್ಟು ಇನ್ನೊಂದ್ ಮನೇಗೆ ಹೋಗ್ಬೋದು. ನಾನೆಲ್ಲಿಗೆ ಹೋಗ್ಲಿ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಮೂರು ವರ್ಷ ನಾನು ಎದೆಯಲ್ಲಿಟ್ಟುಕೊಂಡ ಕೆಂಡಕ್ಕೆ ಅವರ ಬಳಿ ಇಷ್ಟು ನೇರವಾದ ಕಾರಣವಿತ್ತು. ನನ್ನ ಹೆಸರನ್ನು ಅವರು ಗೊತ್ತಿದ್ದೇ, ತೂಗಿ ನೋಡಿಯೇ ಬಿಟ್ಟುಕೊಟ್ಟಿದ್ದರು. ನಾನು ಹೇಳಿದೆ, "ಈಗ ಮಗು ಆಯ್ತು, ಎಲ್ಲ ಆಯ್ತು. ಈಗ ಹೇಳಿ. ಬೀದಿಗೆ ಬೇಡ, ಇನ್ಯಾರಿಗೂ ಬೇಡ. ನಿಮ್ಮ ಮಗನಿಗೆ ಒಂದೇ ಸಲ ಹೇಳಿ, ಅವಳು ಬೇಡ ಅಂದಿದ್ಲು ಅಂತ. ನಂಗೆ ಅಷ್ಟು ಸಾಕು."

ಅವರು ತಲೆಯಾಡಿಸಿದರು. ಹೇಳ್ತೀನಿ, ಖಂಡಿತ ಹೇಳ್ತೀನಿ ಎಂದರು. ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಚೀಲದೊಳಗೆ ಫೋನು ಬಡಿದುಕೊಂಡಿತು. ಅವರಿಗೆ ಕಿವಿ ಮಂದವಾಗಿದ್ದರಿಂದ ಸ್ಪೀಕರಿನಲ್ಲೇ ಮಾತಾಡುವ ಅಭ್ಯಾಸ. ನಾಗರಾಜನ ದನಿ ಮಳೆಯ ಸದ್ದನ್ನೂ ಮೀರಿ ಕೇಳಿಸಿತು. ಎಲ್ಲಿದ್ದೀಯಮ್ಮ, ನೆನೀತಾ ಇದೀಯಾ, ಗಾಡಿ ತರ್ತಾ ಇದೀನಿ, ಜೊತೆಗೆ ಯಾರಾದ್ರೂ ಇದಾರಾ ಎಂದು ಕೇಳಿದ.

ಮುನಿಯಮ್ಮ ನನ್ನ ಮುಖ ನೋಡಿದರು. ನಾನೂ ಅವರನ್ನೇ ನೋಡುತ್ತಿದ್ದೆ.

"ಯಾರೂ ಇಲ್ಲ ಕಣಪ್ಪ, ಒಬ್ಳೇ ನಿಂತಿವ್ನಿ" ಎಂದರು. ಹಾಗೆನ್ನುತ್ತಲೇ, ಎರಚಲು ತಾಗದಿರಲೆಂದು, ನನ್ನ ಕೊಡೆಯ ಕೆಳಗೆ ಇನ್ನೂ ಸ್ವಲ್ಪ ಒಳಕ್ಕೆ ಸರಿದುಕೊಂಡರು.